ಸಿಂಡ್ರೆಲಾ ಕಥೆಯ ಮೂಲಕ ನಮ್ಮನ್ನು ನಾವು ಓದಿಕೊಳ್ಳುವುದು ಹೇಗೆ

ಚಿಕ್ಕಂದಿನಲ್ಲಿ ಕೇಳಿದ ಕಿನ್ನರಕಥೆಯೊಂದನ್ನು ಆತ್ಮಾವಲೋಕನಕ್ಕೆ ಬಳಸಿಕೊಳ್ಳಬೇಕೆಂದಿದ್ದರೆ, ಓದುವುದಕ್ಕೆ ಮೊದಲು ಬರೆಯಿರಿ. ಪುಸ್ತಕ ತೆರೆಯದೆ, ಯಾರನ್ನೂ ಕೇಳದೆ, ಕಥೆ ನೆನಪಿನಲ್ಲಿ ಹೇಗೆ ಉಳಿದಿದೆಯೋ ಹಾಗೆಯೇ ಒಂದೆರಡು ಪುಟ ಬರೆದು, ಮರೆತಲ್ಲಿ ಜಾಗ ಖಾಲಿ ಬಿಡಿ. ಆಮೇಲೆ ಮುದ್ರಿತ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿ. ನೀವು ಬಿಟ್ಟದ್ದು, ಸೇರಿಸಿದ್ದು, ತಿರುಚಿದ್ದು ಯಾವುದೆಂದು ಗುರುತು ಹಾಕಿಕೊಂಡರೆ ಯೋಚಿಸಬೇಕಾದ ವಿಷಯ ಅಲ್ಲಿಯೇ ಸಿಗುತ್ತದೆ.

ಇದಕ್ಕೆ ಸಿಂಡ್ರೆಲಾ ಕಥೆ ಬಹಳ ಒಗ್ಗುತ್ತದೆ, ಏಕೆಂದರೆ ಅದನ್ನು ಬಲ್ಲೆವೆಂದು ಎಲ್ಲರೂ ನಂಬಿದ್ದೇವೆ. 1893ರಲ್ಲಿಯೇ ಇಂಗ್ಲೆಂಡಿನ ಜಾನಪದ ವಿದ್ವಾಂಸೆ ಮೇರಿಯನ್ ರಾಲ್ಫ್ ಕಾಕ್ಸ್ ಈ ಕಥೆಯ ಮತ್ತು ಇದರ ಬಳಗದ ಕಥೆಗಳ 345 ರೂಪಗಳನ್ನು ಸಂಗ್ರಹಿಸಿದ್ದರು. ಹೀಗಿರುವಾಗ ‘ಸರಿಯಾದ’ ಸಿಂಡ್ರೆಲಾ ಯಾವುದೆಂದು ಹುಡುಕುವುದು ವ್ಯರ್ಥ. ಆದರೆ ಹೋಲಿಕೆಗೆ ಒಂದು ಪಠ್ಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗಾಜಿನ ಪಾದರಕ್ಷೆ, ಕುಂಬಳಕಾಯಿಯ ರಥ, ನಡುರಾತ್ರಿಯ ಗಡುವು ಇವೆಲ್ಲ 1697ರಲ್ಲಿ ಪ್ರಕಟವಾದ ಫ್ರಾನ್ಸಿನ ಶಾರ್ಲ್ ಪೆರೋ ಅವರ ರೂಪಕ್ಕೆ ಸೇರಿದವು. ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಮೊದಲು ಪ್ರಕಟಿಸಿ 1857ರವರೆಗೂ ತಿದ್ದುತ್ತ ಬಂದ ರೂಪ ಇದಕ್ಕಿಂತ ಒರಟು. ಮಕ್ಕಳಿಗಾಗಿ ಮೆತ್ತಗೆ ಮಾಡಿದ ಸಂಗ್ರಹಗಳಲ್ಲಿ ಮುಳ್ಳುಗಳನ್ನೆಲ್ಲ ಕಿತ್ತುಹಾಕಿರುವುದರಿಂದ, ಗ್ರಿಮ್ ಸೋದರರ 1857ರ ಪಾಠದ ಸಂಪೂರ್ಣ ಅನುವಾದವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಸಲಹೆ.

ಹೋಲಿಸುವಾಗ ಬಹುಪಾಲು ಜನರಿಗೆ ಎದುರಾಗುವ ಅಚ್ಚರಿಯೆಂದರೆ ಸಿಂಡ್ರೆಲಾಳ ತಂದೆ. ನೆನಪಿನಿಂದ ಬರೆದ ಕಥೆಯಲ್ಲಿ ಅವನು ಸತ್ತಿರುತ್ತಾನೆ, ಇಲ್ಲವೇ ಅವನ ಸುದ್ದಿಯೇ ಇರುವುದಿಲ್ಲ. ಪೆರೋ ಮತ್ತು ಗ್ರಿಮ್ ಇಬ್ಬರ ಕಥೆಯಲ್ಲೂ ಅವನು ಬದುಕಿದ್ದಾನೆ. ಗ್ರಿಮ್ ರೂಪದಲ್ಲಂತೂ ಸಂತೆಗೆ ಹೊರಟಾಗ ಮಗಳಿಗೆ ಏನು ಬೇಕೆಂದು ಕೇಳುತ್ತಾನೆ. ದಾರಿಯಲ್ಲಿ ನಿಮ್ಮ ಟೋಪಿಗೆ ಮೊದಲು ತಗಲುವ ರೆಂಬೆಯನ್ನು ತನ್ನಿ ಎನ್ನುತ್ತಾಳೆ ಅವಳು. ಅವನು ತಂದುಕೊಟ್ಟ ಆ ಹೇಜಲ್ ರೆಂಬೆಯನ್ನು ತಾಯಿಯ ಸಮಾಧಿಯ ಮೇಲೆ ನೆಟ್ಟು ಕಣ್ಣೀರಿನಿಂದಲೇ ಬೆಳೆಸುತ್ತಾಳೆ. ಅದೇ ತಂದೆ, ಕೊನೆಯಲ್ಲಿ ರಾಜಕುಮಾರ ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿದ್ದಾರೆಯೇ ಎಂದು ಕೇಳಿದಾಗ, ತೀರಿಹೋದ ಹೆಂಡತಿಯದೊಂದು ಪೀಚಲು ಹುಡುಗಿ ಇದೆ, ಅವಳಂತೂ ನೀವು ಹುಡುಕುವವಳಾಗಿರಲಾರಳು ಎಂಬರ್ಥದ ಮಾತಾಡುತ್ತಾನೆ. ಕೇಳಿದ್ದನ್ನು ತಂದುಕೊಟ್ಟವನೂ ಅವನೇ, ಎದುರಿಗಿದ್ದರೂ ಮಗಳನ್ನು ಕಾಣದವನೂ ಅವನೇ. ಇವನನ್ನು ನಿಮ್ಮ ಬರಹದಲ್ಲಿ ನೀವು ಸಾಯಿಸಿದ್ದರೆ, ಅದಕ್ಕೆ ಸಿನಿಮಾ ಕಾರಣವಿರಬಹುದು. ಆದರೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಕಣ್ಣೆದುರಿಗಿದ್ದೂ ಸುಮ್ಮನಿದ್ದವರನ್ನು ಕ್ಷಮಿಸುವುದಕ್ಕಿಂತ ಅವರು ಇರಲೇ ಇಲ್ಲವೆಂದುಕೊಳ್ಳುವುದು ನಿಮಗೆ ಸುಲಭವಾಗಿದೆಯೇ? ಉತ್ತರ ಬರುವವರೆಗೆ ಮುಂದಕ್ಕೆ ಹೋಗಬೇಕಾಗಿಲ್ಲ.

ಗ್ರಿಮ್ ಸೋದರರ 1857ರ ಪಾಠದಲ್ಲಿ ಗಡಿಯಾರವೂ ಇಲ್ಲ. ಅರಮನೆಯ ಉತ್ಸವದ ಮೂರು ಸಂಜೆಯೂ ಸಿಂಡ್ರೆಲಾ ಯಾರ ಆಜ್ಞೆಯೂ ಇಲ್ಲದೆ ತಾನಾಗಿಯೇ ಓಡಿಹೋಗುತ್ತಾಳೆ, ಒಮ್ಮೆ ಪಾರಿವಾಳದ ಗೂಡಿನೊಳಕ್ಕೆ, ಒಮ್ಮೆ ಪೇರ್ ಮರದ ಮೇಲಕ್ಕೆ. ಬಯಸಿದ್ದು ಕೈಗೆ ಬರುವ ಹೊತ್ತಿನಲ್ಲಿ ಹಿಂದಕ್ಕೆ ಸರಿಯುವ ಅಭ್ಯಾಸ ನಿಮಗಿದ್ದರೆ, ಇಲ್ಲಿ ಕಥೆಯನ್ನು ನಿಲ್ಲಿಸಿ ‘ನಾನು’ ಎಂದು ಆರಂಭಿಸಿ ಅವಳ ಓಟವನ್ನು ಬರೆಯಿರಿ. ಆಮೇಲೆ ಅಷ್ಟೇ ಪ್ರಾಮಾಣಿಕವಾಗಿ ಮಲತಾಯಿಯ ಮಗಳಾದ ಅಕ್ಕನ ಸರದಿ. ಪಾದರಕ್ಷೆ ಅವಳ ಕಾಲಿಗೆ ಹಿಡಿಸದಿದ್ದಾಗ, ರಾಣಿಯಾದ ಮೇಲೆ ನಡೆಯುವ ಅಗತ್ಯವೇ ಇರುವುದಿಲ್ಲ ಎಂದು ಹೇಳಿ ತಾಯಿ ಚಾಕು ಕೊಡುತ್ತಾಳೆ, ಮಗಳು ಕಾಲ್ಬೆರಳನ್ನು ಕತ್ತರಿಸಿಕೊಳ್ಳುತ್ತಾಳೆ. ತನ್ನದಲ್ಲದ ಅಳತೆಗೆ ತನ್ನನ್ನು ಕತ್ತರಿಸಿಕೊಂಡ ಅನುಭವ, ಬೇಡದ ಕೋರ್ಸೋ ಒಲ್ಲದ ಮದುವೆಯೋ ಯಾವುದೇ ಇರಲಿ, ನಮ್ಮಲ್ಲಿ ಎಷ್ಟೋ ಜನರಿಗಿದೆ. ಸಿಂಡ್ರೆಲಾಳ ಪಾತ್ರದಲ್ಲಿ ನಮ್ಮನ್ನು ಕಾಣುವುದು ಹಿತವಾಗಿರುವುದರಿಂದಲೇ ಅಕ್ಕನ ಪಾತ್ರ ಹೆಚ್ಚು ಕಲಿಸುತ್ತದೆ ಎಂದು ನನಗನ್ನಿಸುತ್ತದೆ.

ಎ.ಕೆ. ರಾಮಾನುಜನ್ ಅವರು ಇಂಗ್ಲಿಷಿಗೆ ತಂದ ಕನ್ನಡದ ಹಂಚಿ ಎಂಬ ಹುಡುಗಿಯ ಜನಪದ ಕಥೆಯೂ ಇದೇ ಬಳಗದ್ದು, ಎರಡನೆಯ ಓದಿಗೆ ಅದನ್ನು ಇಟ್ಟುಕೊಳ್ಳಬಹುದು. ಹೊಂಗೂದಲಿನ ತಂಗಿಯನ್ನೇ ಮದುವೆಯಾಗಬೇಕೆಂದು ಅಣ್ಣ ಹಟ ಹಿಡಿದಾಗ, ತಾಯಿ ಕುಂಬಾರನ ಬಳಿಗೆ ಓಡಿ ಮಣ್ಣಿನ ಮುಖವಾಡ ಮಾಡಿಸಿ, ನಿನ್ನ ಸ್ಥಿತಿ ಸುಧಾರಿಸುವವರೆಗೆ ಇದನ್ನು ತೆಗೆಯಬೇಡವೆಂದು ಹೇಳಿ ಮಗಳನ್ನು ರಾತ್ರೋರಾತ್ರಿ ಕಳಿಸಿಬಿಡುತ್ತಾಳೆ. ಯುರೋಪಿನ ಹುಡುಗಿಯ ಮೈಗೆ ಬೂದಿ ಹತ್ತಿದ್ದು ಮಲತಾಯಿಯ ಕ್ರೌರ್ಯದಿಂದ. ಇಲ್ಲಿ ಮಗಳ ಮುಖವನ್ನು ಮುಚ್ಚಿದ್ದು ಹೆತ್ತವಳ ಪ್ರೀತಿ. ಎದುರು ಮಾತಾಡಬೇಡ, ಎದ್ದು ಕಾಣಬೇಡ ಎಂದು ನಿಮ್ಮ ಮೇಲಿನ ಮಮತೆಯಿಂದಲೇ ಯಾರೋ ತೊಡಿಸಿದ ಮುಖವಾಡ ಯಾವುದು, ಅದು ಕಾಪಾಡಿದ್ದು ಯಾವಾಗ, ಕಾಪಾಡುವ ಅಗತ್ಯ ತೀರಿದ್ದು ಯಾವಾಗ ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ಕೊನೆಯಲ್ಲಿ ಗಂಡನ ಮನೆಯವರು ಹಂಚಿಯನ್ನು ಗುರುತಿಸುವುದು ಅವಳು ಮಾಡಿದ ಸಿಹಿ ಅನ್ನದ ಕೈರುಚಿಯಿಂದ. ಮುಖ ಕಾಣದಿದ್ದರೂ ನಿಮ್ಮನ್ನು ನೀವೆಂದು ತಿಳಿಸುವ ಕೆಲಸ ಯಾವುದೆಂದೂ ಯೋಚಿಸಿ.

ಸಂಕೇತಗಳ ನಿಘಂಟನ್ನು ಮಾತ್ರ ದೂರವಿಡಿ. ಕೆಂಪು ಟೋಪಿಯ ಹುಡುಗಿಯ ಕಥೆಯಲ್ಲಿ ಆ ಟೋಪಿ ಋತುಸ್ರಾವದ ಸಂಕೇತವೆಂದು ಮನೋವಿಶ್ಲೇಷಕ ಎರಿಕ್ ಫ್ರಾಮ್ ಓದಿದ್ದರು. ಫ್ರಾನ್ಸಿನ ರೈತರ ಬಾಯಲ್ಲಿದ್ದ ರೂಪದಲ್ಲಿ ಕೆಂಪು ಟೋಪಿಯೇ ಇರಲಿಲ್ಲವೆಂದು ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ ಎತ್ತಿ ತೋರಿಸಿದರು. ಪಂಡಿತರಿಗೇ ಹೀಗಾಗುವಾಗ, ಕಾಡು ಎಂದರೆ ಇದು, ಪಾದರಕ್ಷೆ ಎಂದರೆ ಅದು ಎಂಬ ಸಿದ್ಧ ಅರ್ಥಗಳು ನಮ್ಮ ಬಗ್ಗೆ ಏನನ್ನೂ ಹೇಳಲಾರವು.

ಮನೆಯೊಳಗೇ ದೌರ್ಜನ್ಯ ಅನುಭವಿಸಿದವರಿಗೆ ಈ ಕಥೆಗಳು, ಅದರಲ್ಲೂ ಹಂಚಿಯ ಆರಂಭ, ಹಳೆಯ ಗಾಯವನ್ನು ಕೆದಕಬಹುದು. ನಿದ್ದೆ ಕೆಡುವಂತಾದರೆ ಬರೆಯುವುದನ್ನು ಅಲ್ಲಿಗೇ ಬಿಟ್ಟು ನಂಬಿಕೆಯವರೊಡನೆ ಅಥವಾ ಆಪ್ತಸಮಾಲೋಚಕರೊಡನೆ ಮಾತಾಡಿ. ಭಾರತದಲ್ಲಿರುವವರು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಬಹುದು.

ಬರೆದ ಹಾಳೆಗಳ ಮೇಲೆ ದಿನಾಂಕ ಹಾಕಿ ಎತ್ತಿಡಿ. ಗೆಳೆಯರೊಡನೆ ಸೇರಿ ಮಾಡುವುದಾದರೆ ಒಬ್ಬರ ಹಾಳೆಗೆ ಇನ್ನೊಬ್ಬರು ಅರ್ಥ ಹೇಳಕೂಡದು. ಕಥೆಯ ಯಾವ ಜಾಗದಲ್ಲಿ ನಿಂತಿರಿ ಎಂದಷ್ಟೇ ಕೇಳಬಹುದು. ಕೆಲವು ತಿಂಗಳ ನಂತರ ಹಳೆಯದನ್ನು ನೋಡದೆ ಅದೇ ಕಥೆಯನ್ನು ಮತ್ತೊಮ್ಮೆ ನೆನಪಿನಿಂದ ಬರೆದು, ಈ ಸಲ ಮುದ್ರಿತ ಪಠ್ಯಕ್ಕೆ ಬದಲಾಗಿ ನಿಮ್ಮ ಮೊದಲ ಬರಹದೊಡನೆಯೇ ಅದನ್ನು ಹೋಲಿಸಿ.