ಅಡಿಕೆ ದೋಟಿಯಿಂದ ರೋಬೋಟ್ ಕೈ: ನಮ್ಮ ತಂಡದ ಅನುಭವ

ನಮ್ಮ ರೋಬೋಟ್ ಕೈ ಪೂರ್ತಿ ಚಾಚಿದರೆ ಸುಮಾರು 90 ಸೆಂಟಿಮೀಟರ್. ಆ ತುದಿಯಲ್ಲಿ 3 ಕಿಲೋ ಹಿಡಿದು ನಿಲ್ಲುತ್ತದೆ. ಕರೆಂಟ್ ತೆಗೆದರೂ ಕೆಳಗೆ ಬೀಳುವುದಿಲ್ಲ. ಚಲಿಸುವ ಭಾಗದ ತೂಕ ಎರಡೂವರೆ ಕಿಲೋ ಅಷ್ಟೇ. ಈ ಸಲದ ಅಂತರ ಕಾಲೇಜು ಸ್ಪರ್ಧೆಗೆ ನಮ್ಮ ಮೂರು ನಾಲ್ಕು ಪಟ್ಟು ಖರ್ಚು ಮಾಡಿದ ಕೈಗಳೂ ಬಂದಿದ್ದವು. ತೂಕ ಎತ್ತುವ ಸುತ್ತಿನಲ್ಲಿ ಅವುಗಳಲ್ಲಿ ಹೆಚ್ಚಿನವು ನಡುಗಿದವು. ನಮ್ಮದು ನಡುಗಲಿಲ್ಲ. ವರ್ಷಪೂರ್ತಿ "ಇದು ಆಗುವ ಕೆಲಸ ಅಲ್ಲ" ಅಂತ ಕೇಳಿಸಿಕೊಂಡವರು ನಾವು. ಹಾಗಾಗಿ ಆದ ಕೆಲಸವನ್ನು ಆದ ಹಾಗೆಯೇ ಬರೆಯುತ್ತಿದ್ದೇನೆ. ಟಾರ್ಕ್ (ತಿರುಗಿಸುವ ಬಲ), ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರು), ಡ್ರೈವರ್ (ಆ ಮೋಟರನ್ನು ಓಡಿಸುವ ಬೋರ್ಡು) ಇದನ್ನೆಲ್ಲ ಹೆಚ್ಚು ವಿವರಿಸುವುದಿಲ್ಲ.

ಹಿಂದಿನ ವರ್ಷದ ಕೈ ಎಲ್ಲರೂ ಮಾಡುವ ಕೈಯೇ. 25 ಎಂಎಂ ಅಲ್ಯೂಮಿನಿಯಂ ಚೌಕ ಪೈಪು, ಕೈ ಮಡಚುವ ಪ್ರತಿ ಗಂಟಿಗೆ ಒಂದು ಮೋಟರು. ಮೊಣಕೈ ಮೋಟರು, ಗೇರ್‌ಬಾಕ್ಸ್ ಸೇರಿ ಒಂದು ಕಿಲೋ ದಾಟಿತ್ತು. ಅದನ್ನು ಹೊರಲು ಭುಜಕ್ಕೆ ಇನ್ನೂ ದೊಡ್ಡ ಮೋಟರು, ಅದಕ್ಕೆ ಇನ್ನೂ ದಪ್ಪ ತಗಡು. ಕೊನೆಗೆ ಕೈಯ ಶಕ್ತಿಯೆಲ್ಲ ತನ್ನನ್ನೇ ಎತ್ತಿಕೊಳ್ಳಲು ಹೋಗುತ್ತಿತ್ತು. ಭುಜದ ಪ್ಲಾನೆಟರಿ ಗೇರ್‌ಬಾಕ್ಸನ್ನು ಪಿಎಲ್‌ಎಯಲ್ಲಿ (3ಡಿ ಪ್ರಿಂಟರಿನ ಒಂದು ಪ್ಲಾಸ್ಟಿಕ್) ಪ್ರಿಂಟ್ ಮಾಡಿದ್ದೆವು. ಸ್ಟೆಪ್ಪರ್ ಹತ್ತು ನಿಮಿಷ ತೂಕ ಹಿಡಿದು ನಿಂತರೆ ಮುಟ್ಟಲಾಗದಷ್ಟು ಬಿಸಿ. ಪಿಎಲ್‌ಎ ಸುಮಾರು 60 ಡಿಗ್ರಿಗೆಲ್ಲ ಮೆತ್ತಗಾಗುತ್ತದೆ. ಹಲ್ಲುಗಳು ಸವೆದು ಪುಡಿ ಉದುರಿತು. ಆ ಕೈಗೆ ಹೋದದ್ದು ಇಪ್ಪತ್ತೊಂದೋ ಇಪ್ಪತ್ತೆರಡೋ ಸಾವಿರ. ಅದರಿಂದ ವಾಪಸ್ ಸಿಕ್ಕಿದ್ದು ಎರಡು ನೆಮಾ 23 ಸೈಜಿನ ಸ್ಟೆಪ್ಪರ್ ಮೋಟರು, ಎರಡು ಡ್ರೈವರ್, ಒಂದು ಬ್ಯಾಟರಿ.

ಆಮೇಲೆ ಒಂದೇ ತೀರ್ಮಾನ ಮಾಡಿದೆವು. ದೊಡ್ಡ ಮೋಟರುಗಳೆಲ್ಲ ಬುಡದಲ್ಲೇ ಇರಬೇಕು. ಮೊಣಕೈಗೆ ಬೆಲ್ಟ್ ಹೋಗಬೇಕು. ಕೈ ಅಂದರೆ ಬರೀ ಕೊಳವೆ.

ಕೊಳವೆಗೆ ಕಾರ್ಬನ್ ಫೈಬರ್ ಬೇಕಿತ್ತು. ಆನ್‌ಲೈನ್‌ನಲ್ಲಿ ಒಂದು ಮೀಟರಿಗೆ ನಾಲ್ಕೈದು ಸಾವಿರ ಹೇಳಿದರು. ನಮ್ಮ ತಂಡದ ಒಬ್ಬನ ಮನೆ ಪುತ್ತೂರು ಕಡೆ, ಅಡಿಕೆ ತೋಟ. ಅಡಿಕೆ ಕೊಯ್ಯಲು, ಮದ್ದು ಬಿಡಲು ಈಗ ಎಲ್ಲರೂ ಕಾರ್ಬನ್ ಫೈಬರ್ ದೋಟಿ (ತುಂಡು ತುಂಡಾಗಿ ಜೋಡಿಸಿದ ಉದ್ದ ಕೋಲು) ತಂದಿದ್ದಾರಲ್ವಾ. ಅವನ ಮನೆಯಲ್ಲಿ ಬಿರುಕು ಬಿಟ್ಟ ಒಂದು ದೋಟಿ ಇತ್ತು. ಅವನ ದೊಡ್ಡಪ್ಪ "ಅದು ಅಟ್ಟದಲ್ಲಿ ಸುಮ್ನೆ ಬಿದ್ದುಕೊಂಡು ಉಂಟು, ಕೊಂಡೋಗಿ" ಅಂದರು. ಬಿರುಕು ಬಿಟ್ಟದ್ದು ಒಂದೇ ತುಂಡು, ಉಳಿದವು ಹೊಸದರ ಹಾಗೆ. ಬುಡದ ಕಡೆಯ ತುಂಡು ಹೊರಗಿನಿಂದ 38 ಎಂಎಂ ಆಸುಪಾಸು, ಗೋಡೆ ಎರಡು ಎಂಎಂ. ಒಂದು ಮೊಳದ ತುಂಡು ತೂಗಿದರೆ 160 ಗ್ರಾಂ ಬಂತು.

ಇದನ್ನು ಸೀನಿಯರ್ ಒಬ್ಬರಿಗೆ ತೋರಿಸಿದಾಗ "ದೋಟಿಯಲ್ಲಿ ಅಡಿಕೆ ಕೊಯ್ಯಿ ಮಾರಾಯ, ರೋಬೋಟಿಗೆ ಅಲ್ಯೂಮಿನಿಯಂ ಹಾಕು" ಅಂದರು. ಮಂಗಳೂರಿನ ಯೆಯ್ಯಾಡಿ ಕೈಗಾರಿಕಾ ಪ್ರದೇಶದಲ್ಲಿ ನಮಗೆ ಲೇತ್ ಕೆಲಸ ಮಾಡಿಕೊಡುವವರು ಕೊಳವೆಯನ್ನು ಬೆರಳಲ್ಲಿ ಬಡಿದು ನೋಡಿ, "ಇದಕ್ಕೆ ಬೋಲ್ಟ್ ಹಾಕಿದರೆ ಒಡೆಯುತ್ತದೆ ಮಾರಾಯ್ರೇ" ಅಂದರು. ಅವರ ಮಾತು ನಿಜ. ತೂತು ಕೊರೆದು ಬೋಲ್ಟ್ ಬಿಗಿದ ಮೊದಲ ತುಂಡು ಉದ್ದಕ್ಕೆ ಸೀಳಿಹೋಯಿತು. ಹೊರಗಿನಿಂದ ಕ್ಲಾಂಪ್ ಹಾಕಿದ ಎರಡನೆಯದೂ ಚಪ್ಪಟೆಯಾಗಿ ಬಿರಿಯಿತು. ದೋಟಿಯಲ್ಲಿ ಎಳೆಗಳು ಹೆಚ್ಚಾಗಿ ಉದ್ದಕ್ಕೇ ಓಡುತ್ತವೆ. ಬಾಗುವುದನ್ನು ತಡೆಯಲಿಕ್ಕೆ ಅಂತಲೇ ಮಾಡಿದ್ದು ಅದು. ಹಿಸುಕಿದರೆ, ತಿರುಚಿದರೆ ತಡೆಯುವುದಿಲ್ಲ. ನಮ್ಮ ಕೈಗೆ ತಿರುಚುವ ಬಲ ಜಾಸ್ತಿ, ತುದಿಯ ಹಿಡಿಕೆ (ವಸ್ತು ಹಿಡಿಯುವ ಬೆರಳುಗಳು) ಒಂದು ಬದಿಯಲ್ಲಿ ತೂಕ ಹಿಡಿದರೆ ಕೊಳವೆ ತಿರುಚುತ್ತದೆ.

ಪರಿಹಾರ ಸಿಕ್ಕಿದ್ದು ಮಲ್ಪೆಯಲ್ಲಿ. ಫೈಬರ್ ದೋಣಿ ಕೆಲಸದವರಿಗೆ ಗ್ಲಾಸ್ ಬಟ್ಟೆ, ರಾಳ ಮಾರುವ ಅಂಗಡಿ ಅಲ್ಲಿದೆ. ತಿರುಚುವುದನ್ನು ತಡೆಯಲು ಬಟ್ಟೆಯನ್ನು ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿ, ಕೊಳವೆಗೆ ಎರಡು ಸುತ್ತು ಸುತ್ತಿ ಎಪಾಕ್ಸಿ ರಾಳ ಹಚ್ಚಿದೆವು. ಮೊದಲು ದೋಣಿಯವರು ಬಳಸುವ ಪಾಲಿಯೆಸ್ಟರ್ ರಾಳದಲ್ಲೇ ಮಾಡಿ ನೋಡಿದ್ದೆವು, ಅಗ್ಗ ಅಲ್ವಾ. ಒಣಗಿದ ಮೇಲೆ ಉಗುರಿನಲ್ಲಿ ಎಬ್ಬಿಸಿದರೆ ಸಿಪ್ಪೆಯ ಹಾಗೆ ಎದ್ದು ಬಂತು. ಎಪಾಕ್ಸಿಯೇ ಬೇಕು, ಮತ್ತು ಸುತ್ತುವ ಮೊದಲು ಕೊಳವೆಯ ಹೊಳಪು ಹೋಗುವವರೆಗೆ ಮರಳು ಕಾಗದ ಹಾಕಬೇಕು. ಆಮೇಲೆ ಕೊಳವೆಯ ಎರಡೂ ಬಾಯಿಗೆ ಮೀನು ಹಿಡಿಯುವ ಹೆಣೆದ ದಾರವನ್ನು ಎಪಾಕ್ಸಿಯಲ್ಲಿ ಅದ್ದಿ ಒತ್ತೊತ್ತಾಗಿ ಸುತ್ತಿದೆವು. ಈ ದಾರ ಹಾಕಿದ ಮೇಲೆ ಒಂದು ಕೊಳವೆಯೂ ಸೀಳಿಲ್ಲ. ಬೋಲ್ಟ್ ಪೂರ್ತಿ ಬಿಟ್ಟೆವು. ಒಳಗೆ ಅಲ್ಯೂಮಿನಿಯಂ ತುಂಡನ್ನು ಲೇತಿನಲ್ಲಿ ತಿರುಗಿಸಿ ಅರಾಲ್ಡೈಟ್ ಹಾಕಿ ಅಂಟಿಸಿದೆವು. ಬೇಗ ಒಣಗುವುದು ಬೇಡ, ಒಂದು ದಿನ ಬೇಕಾಗುವ ಸಾದಾ ಅರಾಲ್ಡೈಟೇ ಆಗಬೇಕು.

ಇಲ್ಲಿ ಕರಾವಳಿಯ ಒಂದು ತೊಂದರೆ ಇದೆ. ಕಾರ್ಬನ್ನಿಗೆ ಅಲ್ಯೂಮಿನಿಯಂ ನೇರ ತಾಗಿಕೊಂಡಿದ್ದು, ಮೇಲೆ ಉಪ್ಪು ಗಾಳಿಯ ತೇವ ಕೂತರೆ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮೊದಲು ಅಂಟಿಸಿದ ಜೋಡಣೆಯ ಅಂಚಿನಲ್ಲಿ ಬಿಳಿ ಹಿಟ್ಟು ಬಂದು ಅಂಟು ಸಡಿಲವಾಗಿತ್ತು. ಬೆಂಗಳೂರಿನ ತಂಡದವರಿಗೆ ಇದು ಅಷ್ಟು ಬೇಗ ಕಾಣಿಸಲಿಕ್ಕಿಲ್ಲ, ನಮಗೆ ಕಾಣಿಸಿತು. ಈಗ ಅಲ್ಯೂಮಿನಿಯಂ ತುಂಡಿಗೆ ತೆಳು ಗ್ಲಾಸ್ ಬಟ್ಟೆ ಸುತ್ತಿಯೇ ಒಳಗೆ ತೂರಿಸುತ್ತೇವೆ. ಎರಡೂ ಒಂದಕ್ಕೊಂದು ತಾಗುವುದೇ ಇಲ್ಲ.

ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ, ಇದನ್ನು ಮರೆಯಬೇಡಿ. ದೋಟಿ ವಿದ್ಯುತ್ ತಂತಿಗೆ ತಾಗಿದರೆ ಜೀವಕ್ಕೇ ಅಪಾಯ ಅಂತ ತೋಟದವರಿಗೆ ಗೊತ್ತು. ನಮ್ಮ ಕೈಯಲ್ಲಿ ಕೊಳವೆಯೊಳಗೆ ಓಡುವ ವಯರಿನ ಸಿಪ್ಪೆ ಸವೆದು, ಕೊಳವೆಗೆ ತಾಗಿ, ಒಂದು ಇಎಸ್‌ಪಿ32 ಬೋರ್ಡು (ಕೈಯನ್ನು ನಡೆಸುವ ಪುಟ್ಟ ಕಂಪ್ಯೂಟರ್), ಒಂದು ಎನ್‌ಕೋಡರ್ (ಕೋನ ಅಳೆಯುವ ಸೆನ್ಸರ್) ಒಟ್ಟಿಗೆ ಸುಟ್ಟವು. ಸುಮಾರು ಏಳುನೂರು ರೂಪಾಯಿ. ಈಗ ವಯರಿಗೆಲ್ಲ ಹೆಣೆದ ಕವಚ ಹಾಕಿದ್ದೇವೆ, ಕೊಳವೆಯ ಬಾಯಿಗೆ ರಬ್ಬರ್ ಬಳೆ. ಕೊಳವೆ ಕೊಯ್ಯುವಾಗ ನೀರು ಹಾಕುತ್ತಾ ಗರಗಸ ಓಡಿಸಿ, ಮುಖಕ್ಕೆ ಮಾಸ್ಕ್ ಕಟ್ಟಿ. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೆ ತಾಗಿದರೆ ರಾತ್ರಿಯಿಡೀ ತುರಿಕೆ.

ಬುಡದಲ್ಲಿ ಎರಡು ವರ್ಮ್ ಗೇರ್‌ಬಾಕ್ಸ್, ಅಂದರೆ ಸ್ಕ್ರೂ ತಿರುಗಿ ಹಲ್ಲಿನ ಚಕ್ರವನ್ನು ಓಡಿಸುವಂಥದ್ದು, 30ರ ಸೈಜು, 1:50 (ಮೋಟರು 50 ಸುತ್ತು ತಿರುಗಿದರೆ ಹೊರಗೆ ಒಂದು ಸುತ್ತು). ಒಂದಕ್ಕೆ ಸುಮಾರು ಮೂರೂವರೆ ಸಾವಿರ. ವರ್ಮಿನಲ್ಲಿ ಅರ್ಧ ಶಕ್ತಿ ಬಿಸಿಯಾಗಿ ಹೋಗುತ್ತದೆ ಅಂತ ಬಯ್ಯುವವರಿದ್ದಾರೆ. ಹೋಗಲಿ. ಕರೆಂಟ್ ಹೋದರೆ ಕೈ ಅಲ್ಲೇ ನಿಲ್ಲುತ್ತದಲ್ಲ, ನನಗೆ ಅದು ದೊಡ್ಡದು. ಸ್ಪರ್ಧೆಯಲ್ಲಿ ಎಮರ್ಜೆನ್ಸಿ ಸ್ವಿಚ್ ಒತ್ತಿ ತೋರಿಸಿ ಅಂದಾಗ ಪಕ್ಕದ ತಂಡದ ಕೈ ಕೆಳಗೆ ಬಡಿದು ಹಿಡಿಕೆ ಮುರಿಯಿತು.

ಆದರೆ ಆ ಸಣ್ಣ ಬಾಕ್ಸು ಇಪ್ಪತ್ತು ನ್ಯೂಟನ್ ಮೀಟರಿಗಿಂತ ಜಾಸ್ತಿ ತಾಳುವುದಿಲ್ಲ. 3 ಕಿಲೋ 90 ಸೆಂಟಿಮೀಟರಿನಲ್ಲಿ ಅಂದರೆ 26 ನ್ಯೂಟನ್ ಮೀಟರ್ ಟಾರ್ಕ್, ಕೈಯದೇ ತೂಕಕ್ಕೆ ಇನ್ನೊಂದು ಎಂಟು ಒಂಬತ್ತು. ಇದಕ್ಕೆ ಹಾಕಿದ್ದು ಹಳೆ ಕಾರಿನ ಡಿಕ್ಕಿ ಎತ್ತುವ ಗ್ಯಾಸ್ ಸ್ಟ್ರಟ್. ಗುಜರಿಯಲ್ಲಿ ಮುನ್ನೂರು ರೂಪಾಯಿ. ತಳ್ಳುವ ಬಲ ಸುಮಾರು 400 ನ್ಯೂಟನ್, ಭುಜದಿಂದ ಐದಾರು ಸೆಂಟಿಮೀಟರ್ ದೂರಕ್ಕೆ ಕೂರಿಸಿದರೆ ಇಪ್ಪತ್ತೊಂದು ಇಪ್ಪತ್ತೆರಡು ನ್ಯೂಟನ್ ಮೀಟರ್ ಎತ್ತಿಕೊಡುತ್ತದೆ. ಅಂದರೆ ಕೈಯ ತೂಕ ಪೂರ್ತಿ, ಹೊರೆಯ ತೂಕ ಅರ್ಧ. ಹೊರೆ ಇದ್ದರೆ ಮೋಟರು 13 ಎತ್ತಬೇಕು, ಇಲ್ಲದಿದ್ದರೆ 13 ಕೆಳಗೆ ಎಳೆಯಬೇಕು. ಎರಡೂ ಬಾಕ್ಸಿಗೆ ಆರಾಮ.

ಇದರಲ್ಲಿ ಇನ್ನೊಂದು ಲಾಭ ಸಿಕ್ಕಿತು. ವರ್ಮ್ ಬಾಕ್ಸಿನಲ್ಲಿ ಹಲ್ಲಿಗೂ ಹಲ್ಲಿಗೂ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ತುದಿಯಲ್ಲಿ ಅದು ಅರ್ಧ ಸೆಂಟಿಮೀಟರ್ ಅಲ್ಲಾಡುತ್ತದೆ. ಕೈ ಖಾಲಿ ಇದ್ದಾಗ ಸ್ಟ್ರಟ್ ಯಾವಾಗಲೂ ಮೇಲಕ್ಕೇ ತಳ್ಳುತ್ತಿರುತ್ತದೆ, ಹಾಗಾಗಿ ಹಲ್ಲು ಒಂದೇ ಬದಿಗೆ ಒತ್ತಿಕೊಂಡಿರುತ್ತದೆ. ಸ್ಪರ್ಧೆಯಲ್ಲಿ ಸ್ವಿಚ್ ಒತ್ತುವುದು, ನಟ್ ತಿರುಗಿಸುವುದು ಎಲ್ಲ ಖಾಲಿ ಕೈಯ ಕೆಲಸ. ಅಲ್ಲಿ ಸಡಿಲ ಕಾಣುವುದೇ ಇಲ್ಲ. ತೂಕ ಎತ್ತುವಾಗ ಅಷ್ಟು ನಿಖರತೆ ಯಾರಿಗೆ ಬೇಕು? ಸ್ಟ್ರಟ್‌ನ ಕೆಳಗಿನ ಕೊಂಡಿ ಸರಿಯಾಗಿ ಎಲ್ಲಿ ಕೂತರೆ ಪೂರ್ತಿ ಚಲನೆಯಲ್ಲಿ ಬಲ ಸಮ ಬರುತ್ತದೆ ಅನ್ನುವುದನ್ನು ಮಾತ್ರ ಈಗ ಹೇಳುವುದಿಲ್ಲ. ಮುಂದಿನ ವರ್ಷವೂ ಸ್ಪರ್ಧೆ ಇದೆ. ತುಂಬಾ ರಾತ್ರಿ ಕೂತು ಹುಡುಕಿದ ಜಾಗ ಅದು.

ಬೆಲ್ಟಿನ ವಿಷಯದಲ್ಲಿ ಎಲ್ಲರೂ ಹೆದರಿಸಿದ್ದರು, ಹಿಗ್ಗುತ್ತದೆ, ಹಲ್ಲು ಹಾರುತ್ತದೆ ಅಂತ. 9 ಎಂಎಂ ಅಗಲದ್ದು ನಿಜವಾಗಿ ಹಾರಿತು, ಎರಡು ಕಿಲೋ ದಾಟಿದ ಕೂಡಲೇ ಟಪ್ ಟಪ್. ಹಲ್ಲಿನಿಂದ ಹಲ್ಲಿಗೆ 5 ಎಂಎಂ ದೂರ ಇರುವ 25 ಎಂಎಂ ಅಗಲದ ಬೆಲ್ಟಿಗೆ ಹೋದೆವು, ಪುಲ್ಲಿಯನ್ನು 48 ಹಲ್ಲಿಗೆ ದೊಡ್ಡದು ಮಾಡಿದೆವು. ಪುಲ್ಲಿ ದೊಡ್ಡದಾದಷ್ಟು ಬೆಲ್ಟಿನ ಮೇಲೆ ಎಳೆತ ಕಡಿಮೆ. ಹಿಗ್ಗುವುದು ನಮಗೆ ಲೆಕ್ಕಕ್ಕೇ ಇಲ್ಲ, ಎಎಸ್5600 ಎನ್‌ಕೋಡರ್ ಮೊಣಕೈಯ ಅಚ್ಚಿನಲ್ಲೇ ಕೂತಿದೆ. ಈ ಎನ್‌ಕೋಡರಿನ ವಿಳಾಸ ಬದಲಾಯಿಸಲು ಬರುವುದಿಲ್ಲ, ಒಂದೇ ಐಸ್ಕ್ವೇರ್‌ಸಿ ಸಾಲಿಗೆ (ಬೋರ್ಡಿಗೆ ಸೆನ್ಸರ್ ಜೋಡಿಸುವ ವಯರು) ಎರಡು ಹಾಕಿದರೆ ಜಗಳ. ಇಎಸ್‌ಪಿ32ರಲ್ಲಿ ಎರಡು ಸಾಲು ಇದೆ, ಭುಜಕ್ಕೊಂದು ಮೊಣಕೈಗೊಂದು, ಮುಗಿಯಿತು.

ಮೋಟರು ಬುಡದಲ್ಲಿ ಇರುವುದರಿಂದ ಭುಜ ಎತ್ತಿದಾಗ ಮುಂಗೈ ನೆಲಕ್ಕೆ ಅದೇ ಕೋನದಲ್ಲಿ ಉಳಿಯುತ್ತದೆ. "ಕೋಡ್ ಬರೆಯುವವರು ಸಾಯುತ್ತಾರೆ" ಅಂತ ಒಬ್ಬರು ಅಂದಿದ್ದರು. ಉಲ್ಟಾ ಆಯಿತು. ಕೋನವನ್ನೆಲ್ಲ ನೆಲದಿಂದಲೇ ಅಳೆದರೆ ಲೆಕ್ಕ ಸುಲಭ. ನೀರಿನ ಲೋಟ ಹಿಡಿದು ಭುಜ ಎತ್ತಿದರೆ ಚೆಲ್ಲುವುದಿಲ್ಲ.

ಪುಲ್ಲಿಗಳನ್ನು ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿದ್ದು, ನಡುವೆ ಅಚ್ಚು ಕೂರುವ ಅಲ್ಯೂಮಿನಿಯಂ ಹಬ್. ಮಂಗಳೂರಿನ ಜುಲೈಯಲ್ಲಿ ಪ್ರಿಂಟ್ ಮಾಡಿದವರಿಗೆ ಗೊತ್ತು, ಫಿಲಮೆಂಟ್ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆ) ನೀರು ಕುಡಿದು ನಾಝಲ್‌ನಲ್ಲಿ ಚಿಟಪಟ ಅನ್ನುತ್ತದೆ, ಪದರ ಕೂಡುವುದಿಲ್ಲ. ಹಾಳಾದ ಒಂದು ಫ್ರಿಜ್ಜಿನೊಳಗೆ 60 ವ್ಯಾಟ್‌ನ ಹಳೆ ಬಲ್ಬು ಉರಿಸಿ ಸುರುಳಿಗಳನ್ನು ಅಲ್ಲೇ ಇಟ್ಟೆವು. ನೆನೆದದ್ದು ಪೂರ್ತಿ ಒಣಗಲು ಆ ಬಿಸಿ ಸಾಲದು, ಅದಕ್ಕೆ 65 ಡಿಗ್ರಿಯ ಓವನ್ನೇ ಬೇಕು. ಆದರೆ ಒಣಗಿದ್ದು ಮಳೆಗಾಲವಿಡೀ ಒಣಗಿಯೇ ಉಳಿಯಿತು.

ನಡುವೆ ಮೀನಿನ ದಾರದಿಂದಲೇ ಹಿಡಿಕೆಯ ಬೆರಳು ಎಳೆಯುವ ಪ್ರಯೋಗವನ್ನೂ ಮಾಡಿದೆವು. ನೈಲಾನ್ ಹಿಗ್ಗಿತು. ಹೆಣೆದ ದಾರ ಹಿಗ್ಗಲಿಲ್ಲ, ಆದರೆ ಗಂಟು ಜಾರಿತು. ಮಲ್ಪೆಯ ಗೆಳೆಯ ಬೇರೆ ಗಂಟು ಕಲಿಸಿದ, ಅದು ನಿಂತಿತು. ಸಮಯ ಇರಲಿಲ್ಲ, ಸಾದಾ ಮೆಟಲ್ ಗೇರ್ ಸರ್ವೋ ಮೋಟರು ಹಾಕಿ ಮುಗಿಸಿದೆವು. ಆ ಬೆರಳು ಇನ್ನೂ ಕಪಾಟಿನಲ್ಲಿದೆ, ಅದನ್ನು ಬಿಡುವುದಿಲ್ಲ. ಬೆರಳಿನ ತುದಿಗೆ ಏನೇನೋ ರಬ್ಬರ್ ಹಚ್ಚಿ ನೋಡಿದೆವು, ಕೊನೆಗೆ ಗೆದ್ದದ್ದು ಸೈಕಲ್ ಟ್ಯೂಬ್, ಒಳಮೈ ಹೊರಗೆ ಮಾಡಿ ಅಂಟಿಸಿದ್ದು.

ಒಟ್ಟು ಖರ್ಚು ಮೂವತ್ತರಿಂದ ಮೂವತ್ತೆರಡು ಸಾವಿರದೊಳಗೆ, ಹಳೆ ಮೋಟರು, ಬ್ಯಾಟರಿ ಬಿಟ್ಟು. ಗೇರ್‌ಬಾಕ್ಸಿಗೆ ಏಳು, ಲೇತಿಗೆ ನಾಲ್ಕು, ಬೆಲ್ಟಿಗೆ ಮೂರು ಸಾವಿರದ ಹತ್ತಿರ. ಎಪಾಕ್ಸಿ, ಬಟ್ಟೆ ಎರಡು ಸಾವಿರ. ಉಳಿದದ್ದು ಬೇರಿಂಗ್, ಸರ್ವೋ, ವಯರು, ಫಿಲಮೆಂಟ್, ಸುಟ್ಟುಹೋದ ಬೋರ್ಡು. ಕೊಳವೆಗೆ ಸೊನ್ನೆ.

ದೋಟಿ ತುಂಡು ಬೇಕಾದವರು ಕೊಯ್ಲು ಮುಗಿಯುವ ಹೊತ್ತಿಗೆ, ಫೆಬ್ರವರಿ ಮಾರ್ಚಿನಲ್ಲಿ ತೋಟದ ಮನೆಗಳಲ್ಲಿ ಕೇಳಿ. ಒಡೆದ ದೋಟಿಗಳು ಆಗ ಹೆಚ್ಚು ಸಿಗುತ್ತವೆ. ತುದಿಯ ಸಪೂರ ತುಂಡು ತರಬೇಡಿ, ಅದರ ಗೋಡೆ ತೆಳು. ಬುಡದಿಂದ ಎರಡನೆಯದೋ ಮೂರನೆಯದೋ ನೋಡಿ. ಕಿವಿಯ ಹತ್ತಿರ ಹಿಡಿದು ಕೀಲಿಕೈಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ, ಶಬ್ದ ಮಂಕಾದ ಜಾಗದಲ್ಲಿ ಒಳಬಿರುಕು ಇರುತ್ತದೆ. ಆ ಭಾಗ ಕತ್ತರಿಸಿ ಬಿಟ್ಟು ಉಳಿದದ್ದು ತನ್ನಿ.