ಸಹಿ ಹಾಕಲು ಬಾರದ ಸರ್ಟಿಫಿಕೇಟು

ನನ್ನ ಆಫೀಸು ಕಾಸರಗೋಡಿನ ಕುಂಬಳೆಯಲ್ಲಿ, ಬದಿಯಡ್ಕ ರಸ್ತೆಯ ಒಂದು ಮಹಡಿಯ ಮೇಲೆ. ಸಿವಿಲ್ ಬಿ.ಇ. ಮುಗಿಸಿ ಹನ್ನೊಂದು ವರ್ಷದಿಂದ ಮನೆ ಪ್ಲಾನ್ ಮಾಡುತ್ತಾ ಬಂದಿದ್ದೇನೆ. ಪ್ಲಾನಿಗೆ ನಾನೇ ಸಹಿ ಹಾಕುತ್ತೇನೆ, ಪಂಚಾಯತಿಗೆ ಕೊಡುತ್ತೇನೆ, ಪರ್ಮಿಟ್ ಬಂದ ಮೇಲೆ ಫೀಸು ತೆಗೆದುಕೊಳ್ಳುತ್ತೇನೆ.

ತಲಪಾಡಿಯಿಂದ ಈಚೆಗೆ ಹೈವೇ ಆರು ಲೇನ್ ಆಗತೊಡಗಿದ ಮೇಲೆ ಎಲ್ಲರ ಪ್ರಶ್ನೆಯೂ ಬದಲಾಯಿತು. ಮೊದಲು "ಅಡುಗೆಕೋಣೆ ಎಲ್ಲಿ ಬರಬೇಕು" ಎನ್ನುತ್ತಿದ್ದವರು ಈಗ "ಈ ಜಾಗದಲ್ಲಿ ಕಟ್ಟಬಹುದಾ, ಸರ್ವಿಸ್ ರೋಡಿಗೆ ದಾರಿ ಸಿಗುತ್ತದಾ" ಎಂದು ಕೇಳತೊಡಗಿದರು. ನನಗೆ ಗೊತ್ತಿದ್ದದ್ದು ಮನೆ. ಊರು ಗೊತ್ತಿರಲಿಲ್ಲ. ಆಗಲೇ ಫೋನಿನಲ್ಲಿ ಒಂದು ಖಾಸಗಿ ಸಂಸ್ಥೆಯ ಜಾಹೀರಾತು ಕಂಡಿತು. ಆರು ತಿಂಗಳ ಅರ್ಬನ್ ಪ್ಲಾನಿಂಗ್ (ನಗರ ಯೋಜನೆ) ಸರ್ಟಿಫಿಕೇಟು, 42,000 ರೂಪಾಯಿ. ಜಿಎಸ್‌ಟಿ ಸೇರಿಸಿ 49,560. ಅಲ್ಲಿಯ ಕೌನ್ಸೆಲರ್ ದಿನಕ್ಕೆರಡು ಸಲ ಫೋನ್ ಮಾಡಿ, "ಸರ್, ನೀವು ಇನ್ನು ಪ್ಲಾನರ್" ಎಂದರು. ಹೌದೆಂದು ನಂಬಿ ಕಟ್ಟಿದೆ.

ಕಟ್ಟುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು: ಈ ಕಾಗದ ಇಟ್ಟುಕೊಂಡು ನಾನು ಯಾವುದಕ್ಕೆ ಸಹಿ ಹಾಕಬಹುದು? ನಮ್ಮ ಕಸುಬಿನಲ್ಲಿ ಇರುವುದೆಲ್ಲ ಸಹಿಯೇ ಅಲ್ವಾ. ಇಂಥ ಸರ್ಟಿಫಿಕೇಟಿನಿಂದ ಯಾವುದಕ್ಕೂ ಸಹಿ ಹಾಕಲು ಬರುವುದಿಲ್ಲ. ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್, ಇಂಡಿಯಾ ಎಂಬ ಸಂಸ್ಥೆ 1951ರಿಂದ ಇದೆ. ಅದರ ಸದಸ್ಯರಾಗಲು ಅವರು ಒಪ್ಪಿದ ಪ್ಲಾನಿಂಗ್ ಡಿಗ್ರಿ ಬೇಕು, ಇಲ್ಲವೇ ಅವರದೇ ಪರೀಕ್ಷೆ ಪಾಸಾಗಬೇಕು. ಇದೆಲ್ಲ ಗೊತ್ತಾದದ್ದು ಕೋರ್ಸಿನ ನಾಲ್ಕನೇ ತಿಂಗಳಲ್ಲಿ. ಹೇಳಿದ್ದು ಕೌನ್ಸೆಲರ್ ಅಲ್ಲ, ಪಾಠ ಮಾಡಲು ಬಂದ ನಿವೃತ್ತ ಪ್ಲಾನರ್ ಒಬ್ಬರು. ಪಾಪ, ಅವರು ಸುಳ್ಳು ಹೇಳಲಿಲ್ಲ.

ಖರ್ಚು ಫೀಸಿಗೇ ಮುಗಿಯಲಿಲ್ಲ. ಎರಡು ಸಲ ಬೆಂಗಳೂರಿಗೆ ಹೋಗಬೇಕಾಯಿತು. ರೈಲು, ರೂಮು, ಊಟ ಸೇರಿ 6,000. ಸಂಜೆ ಏಳರಿಂದ ಒಂಬತ್ತರವರೆಗೆ ಕ್ಲಾಸು. ನನ್ನ ಡ್ರಾಯಿಂಗ್ ಕೆಲಸ ಆಗುವುದೂ ಅದೇ ಹೊತ್ತಿನಲ್ಲಿ. ಆರು ತಿಂಗಳಲ್ಲಿ ಐದು ಮನೆ ಪ್ಲಾನ್ ಬೇರೆಯವರ ಪಾಲಾಯಿತು. ಒಂದಕ್ಕೆ 6,000 ಎಂದು ಹಿಡಿದರೆ 30,000. ಒಟ್ಟು 85 ಸಾವಿರದ ಮೇಲೆ. ಈ ಕೊನೆಯ 30,000 ಯಾವ ಬ್ರೋಷರಿನಲ್ಲೂ ಇರುವುದಿಲ್ಲ.

ಕಲಿತದ್ದು? ನಗರಗಳ ಇತಿಹಾಸ, ದೊಡ್ಡ ದೊಡ್ಡ ಊರುಗಳ ಸ್ಲೈಡು, ಎಲ್ಲ ಮರೆತೇ ಹೋಗಿದೆ. ಉಳಿದದ್ದು ಜಿಐಎಸ್ ಒಂದೇ, ಅಂದರೆ ಜಾಗದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ ಕೂರಿಸುವ ವಿದ್ಯೆ. ಅದಕ್ಕೆ ಬೇಕಾದ ಕ್ಯೂಜಿಐಎಸ್ ಸಾಫ್ಟ್‌ವೇರ್ ಪೂರ್ತಿ ಫ್ರೀ.

ಅದು ಇಲ್ಲಿ ಯಾಕೆ ಉಪಯೋಗಕ್ಕೆ ಬಂತು ಎಂದರೆ ಗದ್ದೆಯಿಂದಾಗಿ. ಕೇರಳದಲ್ಲಿ 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆ ಕಾಯ್ದೆ ಇದೆ. ಗದ್ದೆಗಳ ಪಟ್ಟಿಗೆ ಡೇಟಾ ಬ್ಯಾಂಕ್ ಎನ್ನುತ್ತಾರೆ. ಅದರಲ್ಲಿ ನಿಮ್ಮ ಸರ್ವೆ ನಂಬ್ರ ಇದ್ದರೆ, ತೆಗೆಸಲು ಫಾರ್ಮ್ 5ರಲ್ಲಿ ಅರ್ಜಿ ಹಾಕಬೇಕು. ಪಟ್ಟಿಯಲ್ಲಿ ಇಲ್ಲ, ಆದರೆ ರೆವೆನ್ಯೂ ದಾಖಲೆಯಲ್ಲಿ 'ನಿಲಂ' (ಮಲಯಾಳದಲ್ಲಿ ಗದ್ದೆ) ಎಂದಿದೆ, ಜಾಗ 50 ಸೆಂಟ್ಸ್ ಒಳಗಿದೆ ಎಂದರೆ ಅದನ್ನು ಬದಲಿಸಲು ಫಾರ್ಮ್ 6. ಗಲ್ಫಿನಿಂದ ಬಂದವರು 15-20 ಸೆಂಟ್ಸ್ ತೆಗೆದುಕೊಳ್ಳುತ್ತಾರೆ. ತೆಂಗು ಫಲ ಕೊಡುತ್ತಾ ನಿಂತಿರುತ್ತದೆ, ಕಾಗದದಲ್ಲಿ ಮಾತ್ರ ಇನ್ನೂ ನಿಲಂ. ಪ್ಲಾನ್ ಕೊಟ್ಟ ಮೇಲೆ ಗೊತ್ತಾಗುತ್ತದೆ. ಬೈಗುಳ ನನಗೆ.

ಈಗ ಜಾಗ ನೋಡುವಾಗಲೇ ನಕ್ಷೆ ಮಾಡಿಕೊಡುತ್ತೇನೆ. ಸರ್ವೆ ಸ್ಕೆಚ್ಚನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಡೇಟಾ ಬ್ಯಾಂಕಿನ ನಂಬ್ರಗಳಿಗೆ ಹಸಿರು ಬಣ್ಣ ಕೊಟ್ಟು, ಹೊಳೆಬದಿಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿ ಬರಬಹುದು ಎಂದು ತೋರಿಸುತ್ತೇನೆ. ಅದು ಸರಕಾರಿ ದಾಖಲೆಯಲ್ಲ ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಮುಂಗಡ ಕೊಡುವ ಮೊದಲು ಅಷ್ಟು ಸಾಕು. ಇಲ್ಲಿ ನನಗೆ ಇನ್ನೊಂದು ಅನುಕೂಲವಿದೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದಲ್ಲಿದ್ದ ತಾಲೂಕು. ಹಳೆಯ ಜಾಗದ ಕಾಗದಗಳು ಎಷ್ಟೋ ಕನ್ನಡದಲ್ಲಿವೆ. ಅಜ್ಜನ ಕಾಲದ ಕ್ರಯಪತ್ರ ಓದಿ ಗಡಿ ಹೇಳಬಲ್ಲವರು ಈಗ ಕಡಿಮೆ. ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೆ ಇಷ್ಟಾದರೂ ಸಿಕ್ಕಿತಲ್ಲ.

ಒಂದು ನಕ್ಷೆಗೆ 4,000. ಇದುವರೆಗೆ ಹತ್ತು ಮಾಡಿದ್ದೇನೆ. ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ಚೌಕಟ್ಟು ಹಾಕಿ ಗೋಡೆಗೆ ತೂಗಿಸಿದ್ದೆ. ಒಬ್ಬ ಹಿರಿಯರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ವಾಸ್ತುವಿನದ್ದಾ ಇಂಜಿನಿಯರ್ರೇ?" ಎಂದರು. ಆಮೇಲೆ ಕೆಳಗಿಳಿಸಿದೆ.

ನನ್ನ ಜೊತೆ ಕೆಲಸ ಮಾಡುವ ಹುಡುಗಿ ಈ ವರ್ಷ ಅದೇ ಜಾಹೀರಾತು ತಂದು ತೋರಿಸಿದಳು. "ಸೇರಲಾ ಸರ್?" ಎಂದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ನಾನೇ ಸೇರಿದವನು. "ನಿನಗೆ ಕೆಲಸ ಬೇಕಾ, ವಿದ್ಯೆ ಬೇಕಾ?" ಎಂದು ಕೇಳಿದೆ. ವಿದ್ಯೆ ಮಾತ್ರ ಸಾಕಾದರೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಐಐಟಿಯವರ ಪಾಠ ಫ್ರೀ, ಪರೀಕ್ಷೆಗೆ ಮಾತ್ರ 1,000 ರೂಪಾಯಿ. ಡೆಹ್ರಾಡೂನಿನಲ್ಲಿರುವ ಇಸ್ರೋದ ಸಂಸ್ಥೆ ಜಿಐಎಸ್ ಅನ್ನು ಆನ್‌ಲೈನಿನಲ್ಲಿ ದುಡ್ಡಿಲ್ಲದೆ ಕಲಿಸುತ್ತದೆ. ಪ್ಲಾನರ್ ಆಗಿಯೇ ಕೆಲಸ ಬೇಕೆಂದರೆ ಗೇಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಎಂ.ಪ್ಲಾನ್ (ಪ್ಲಾನಿಂಗ್ ಸ್ನಾತಕೋತ್ತರ ಪದವಿ) ಸೇರಬೇಕು. ನಮಗೆ ಹತ್ತಿರದ್ದು ಕಲ್ಲಿಕೋಟೆಯ ಎನ್‌ಐಟಿ. ಎರಡು ವರ್ಷ, ಗೇಟ್‌ನಿಂದ ಸೀಟು ಸಿಕ್ಕಿದರೆ ತಿಂಗಳಿಗೆ 12,400 ಸ್ಟೈಪೆಂಡ್. ನನಗೆ ಎರಡು ವರ್ಷ ಆಫೀಸಿಗೆ ಬೀಗ ಹಾಕಲು ಆಗದು. ಅವಳಿಗೆ 23 ವರ್ಷ, ಸಾಲವಿಲ್ಲ. ಅವಳ ಲೆಕ್ಕ ಬೇರೆ.

ಅವಳು ಗೇಟ್‌ಗೆ ಅರ್ಜಿ ಹಾಕಿದ್ದಾಳೆ. ಸಂಜೆ ಐದಕ್ಕೇ ಹೊರಡುತ್ತಾಳೆ, ಓದಲಿಕ್ಕಿದೆ ಎಂದು. ಅವಳು ಬಿಟ್ಟು ಹೋದ ಡ್ರಾಯಿಂಗ್ ನಾನು ಮುಗಿಸುತ್ತೇನೆ. ಫೀಸಿನ ದುಡ್ಡು ಮುಟ್ಟಲು ಇನ್ನು ಮೂರು ನಕ್ಷೆ ಬೇಕು. ಬೆಂಗಳೂರಿನ ಖರ್ಚು, ಬಿಟ್ಟುಹೋದ ಐದು ಮನೆ, ಅವು ಆಮೇಲೆ.