ಹಳೇ ಆರ್‌ವಿ ತಗೋಳೋದು ಹೇಗೆ: ಇಂಜಿನ್ ಆಮೇಲೆ, ಮೊದ್ಲು ಛಾವಣಿ ನೋಡಿ

ಅಮೆರಿಕಾದಲ್ಲಿರೋ ಕನ್ನಡದೋರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಬೇಸಿಗೆ ಹತ್ರ ಬಂತು ಅಂದ್ರೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ‘ಸೆಕೆಂಡ್ ಹ್ಯಾಂಡ್ ಆರ್‌ವಿ ಒಂದು ನೋಡಿದೀವಿ, ಹತ್ತು ವರ್ಷ ಹಳೇದು, ಬರೀ 28 ಸಾವಿರ ಮೈಲಿ ಓಡಿದೆ, ತಗೋಬೋದಾ?’ ಆರ್‌ವಿ ಅಂದ್ರೆ ಒಳಗೇ ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಇರೋ ಪ್ರವಾಸದ ಗಾಡಿ. ಕಾರು ತಗೊಂಡು ಅಭ್ಯಾಸ ಆಗಿರತ್ತಲ್ಲ, ಅದಕ್ಕೇ ಮೊದ್ಲು ಮೈಲಿ ಲೆಕ್ಕ ಬರೋದು. ಆದ್ರೆ ಆರ್‌ವಿ ಹತ್ತು ವರ್ಷದಲ್ಲಿ ಅಷ್ಟು ಕಮ್ಮಿ ಓಡಿದೆ ಅಂದ್ರೆ ಉಳಿದ ದಿನವೆಲ್ಲ ಯಾರದೋ ಮನೆ ಪಕ್ಕ ಮಳೆ, ಹಿಮ, ಬಿಸಿಲು ಅಂತ ನೋಡದೆ ನಿಂತಿತ್ತು ಅಂತ ಲೆಕ್ಕ, ಮತ್ತೆ ನಿಂತ ಗಾಡಿಗೇ ಕಾಯಿಲೆ ಜಾಸ್ತಿ. ಇಂಜಿನ್ ಕೆಟ್ರೆ ಮೆಕ್ಯಾನಿಕ್ ಸಿಗ್ತಾನೆ, ಗೋಡೆ ಒಳಗೆ ನೀರು ಇಳಿದು ಮರ ಕೊಳೆತಿದ್ರೆ ಮಾತ್ರ ಆ ರಿಪೇರಿ ಬಿಲ್ಲು ಗಾಡಿ ಬೆಲೆನೇ ದಾಟಿಬಿಡತ್ತೆ.

ಮಾಲಿಗೇನು ಕೊರತೆ ಇಲ್ಲ. ಕೋವಿಡ್ ಟೈಮಲ್ಲಿ ವಿಮಾನ, ಹೋಟೆಲ್ ಎಲ್ಲಾ ಬಂದ್ ಆಗಿ ಜನ ಆರ್‌ವಿಗೆ ಮುಗಿಬಿದ್ರು, 2021ರ ಒಂದೇ ವರ್ಷದಲ್ಲಿ 6 ಲಕ್ಷ ಆರ್‌ವಿ ಫ್ಯಾಕ್ಟರಿಯಿಂದ ಹೊರಗೆ ಬಂತು, ಅದು ಇವತ್ತಿಗೂ ದಾಖಲೆ. ಇದ್ರಲ್ಲಿ ಹೆಚ್ಚಿನವು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗೋದು. ಆಮೇಲೆ ಆಫೀಸು ಶುರುವಾಯ್ತು, ಮಕ್ಕಳ ಸ್ಕೂಲು ಶುರುವಾಯ್ತು, ಗಾಡಿ ನಿಂತ್ಕೊಳ್ತು, ಈಗ ಒಂದೊಂದಾಗಿ ಮಾರಾಟಕ್ಕೆ ಬರ್ತಿವೆ. ಆ ವರ್ಷದ ಗಾಡಿ ಅಂದ್ರೆ ಸ್ವಲ್ಪ ಹುಷಾರಾಗೇ ನೋಡಿ, ಆರ್ಡರ್ ಒತ್ತಡದಲ್ಲಿ ಗಡಿಬಿಡಿಲಿ ಜೋಡಿಸಿದ್ದು ಅನ್ನೋ ದೂರು ಬೇಕಾದಷ್ಟಿವೆ.

ಮೊದಲ್ನೇ ಹೆಜ್ಜೆ: ಯಾರ್ಯಾರು ಹೋಗೋದು ಅಂತ ಎಣಿಸಿ

ಕ್ಲಾಸ್ ಎ ಅಂದ್ರೆ ಬಸ್ಸಿನಷ್ಟು ದೊಡ್ಡದು, ಕ್ಲಾಸ್ ಬಿ ಅಂದ್ರೆ ಮರ್ಸಿಡಿಸ್ ಸ್ಪ್ರಿಂಟರ್ ಥರದ ವ್ಯಾನು, ಕ್ಲಾಸ್ ಸಿ ಅಂದ್ರೆ ಡ್ರೈವರ್ ತಲೆ ಮೇಲೆ ಹಾಸಿಗೆ ಚಾಚ್ಕೊಂಡಿರೋದು, ಹೆಚ್ಚಾಗಿ ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿರ್ತಾರೆ. ಇವು ಬಿಟ್ರೆ ಎಳ್ಕೊಂಡು ಹೋಗೋ ಟ್ರೇಲರ್‌ಗಳು. ಗಂಡ ಹೆಂಡ್ತಿ ಇಬ್ರೇ ಆದ್ರೆ ವ್ಯಾನ್ ಸಾಕು. ಎರಡು ಮಕ್ಕಳು, ಊರಿಂದ ಬಂದಿರೋ ಅಪ್ಪ ಅಮ್ಮ ಎಲ್ಲಾ ಸೇರಿ ಅಂದ್ರೆ ಕಣ್ಣುಮುಚ್ಕೊಂಡು ಕ್ಲಾಸ್ ಸಿ ಕಡೆ ನೋಡಿ ಅಂತ ನನ್ನ ಅಭಿಪ್ರಾಯ.

ಇಲ್ಲಿ ಒಂದು ವಿಷ್ಯ ತುಂಬಾ ಜನ ಮರೀತಾರೆ. ಜಾಹೀರಾತಲ್ಲಿ ‘ಎಂಟು ಜನ ಮಲಗ್ಬೋದು’ ಅಂತ ಇರತ್ತೆ, ಎಂಟು ಜನ ಬೆಲ್ಟ್ ಹಾಕ್ಕೊಂಡು ಕೂರ್ಬೋದು ಅಂತ ಎಲ್ಲೂ ಇರಲ್ಲ. ಒಳಗೆ ಹೋಗಿ ಸೀಟ್ ಬೆಲ್ಟ್ ಎಣಿಸಿ, ಮಕ್ಕಳ ಕಾರ್ ಸೀಟ್ ಕಟ್ಟಕ್ಕೆ ಮುಂದಕ್ಕೆ ಮುಖ ಮಾಡಿರೋ ಸೀಟು ಇದೆಯಾ ನೋಡಿ, ಅಡ್ಡಡ್ಡ ಇರೋ ಸೋಫಾನ ಲೆಕ್ಕಕ್ಕೆ ತಗೋಬೇಡಿ.

ಟ್ರೇಲರ್ ಅಗ್ಗ ನಿಜ, ಅದಕ್ಕೆ ಬೇರೆ ಇಂಜಿನ್ನೂ ಇಲ್ಲ, ಆದ್ರೆ ಓಡ್ತಿರುವಾಗ ಅದರೊಳಗೆ ಜನ ಕೂರೋ ಹಾಗಿಲ್ಲ ಅಂತ ಬಹಳ ರಾಜ್ಯಗಳಲ್ಲಿ ಕಾನೂನಿದೆ, ಮೇಲಾಗಿ ಮನೇಲಿರೋ ಎಸ್‌ಯುವಿ ಅದನ್ನ ಎಳೆಯತ್ತಾ ಅನ್ನೋದು ಬೇರೆ ಪ್ರಶ್ನೆ. ‘5,000 ಪೌಂಡ್ ಎಳೆಯತ್ತೆ’ ಅಂತ ಬ್ರೋಷರ್‌ನಲ್ಲಿರೋದನ್ನ ನಂಬ್ಕೊಂಡು ಹೋಗ್ಬೇಡಿ. ಡ್ರೈವರ್ ಬಾಗಿಲು ತೆಗೆದ್ರೆ ಚೌಕಟ್ಟಲ್ಲಿ ಟೈರಿನ ವಿವರ ಇರೋ ಸ್ಟಿಕ್ಕರ್ ಇರತ್ತೆ, ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಹಾಕ್ಬೋದು ಅಂತ ಅದರಲ್ಲಿ ಬರೆದಿರತ್ತೆ. ಟ್ರೇಲರ್ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ನಿಮ್ಮ ಗಾಡಿ ಹಿಂಭಾಗದ ಮೇಲೆ ಕೂರತ್ತೆ, ಅದೂ ಈ ಲೆಕ್ಕದಲ್ಲೇ ಕಳೀಬೇಕು. ಐದು ಜನ ಕೂತ್ಮೇಲೆ ಎಷ್ಟು ಉಳೀತು ಅಂತ ಕೂಡಿ ಕಳೆದ್ರೆ ಬಹಳಷ್ಟು ಫ್ಯಾಮಿಲಿ ಎಸ್‌ಯುವಿಗಳು ಅಲ್ಲೇ ಫೇಲ್.

ಎರಡ್ನೇದು: ಒಂದ್ಸಲ ಬಾಡಿಗೆಗೆ ತಗೊಂಡು ಹೋಗ್ಬನ್ನಿ

ಶುಕ್ರವಾರ ಹೋಗಿ ಭಾನುವಾರ ಬಂದ್ರೂ ಸಾಕು, ನಿಮ್ಮ ಮನೆಯೋರಿಗೆ ಇದು ಆಗಿಬರತ್ತಾ ಇಲ್ವಾ ಗೊತ್ತಾಗತ್ತೆ. ಕ್ರೂಸ್ ಅಮೆರಿಕಾದಂಥ ಬಾಡಿಗೆ ಕಂಪನಿಗಳಿವೆ (ಅವ್ರು ಓಡಿಸಿದ ಹಳೇ ಗಾಡಿಗಳನ್ನ ಆಮೇಲೆ ಮಾರ್ತಾರೆ ಕೂಡ, ಥಳಕು ಬಳಕು ಏನಿರಲ್ಲ, ಮೈಲಿ ಜಾಸ್ತಿ ಇರತ್ತೆ). ಔಟ್‌ಡೋರ್ಸಿ, ಆರ್‌ವಿಶೇರ್ ಸೈಟ್‌ಗಳಲ್ಲಿ ಜನ ತಮ್ಮ ಗಾಡಿನೇ ಬಾಡಿಗೆಗೆ ಕೊಡ್ತಾರೆ.

ಮೂರ್ನೇದು: ಯಾವಾಗ, ಎಲ್ಲಿ ಹುಡುಕೋದು

ಏಪ್ರಿಲ್ ಮೇನಲ್ಲಿ ಎಲ್ರಿಗೂ ಬೇಕು, ರೇಟು ಏರಿರತ್ತೆ. ಚಳಿ ಬೀಳೋ ರಾಜ್ಯಗಳಲ್ಲಿ ಅಕ್ಟೋಬರ್ ನವೆಂಬರ್‌ನಲ್ಲಿ ಮಾರೋರಿಗೇ ಅರ್ಜೆಂಟು, ಇನ್ನೊಂದು ಚಳಿಗಾಲ ಸ್ಟೋರೇಜ್ ಬಾಡಿಗೆ ಯಾರು ಕಟ್ತಾರೆ ಅಂತ. ಆರ್‌ವಿ ಟ್ರೇಡರ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಎರಡೂ ನೋಡಿ, ಜೆ.ಡಿ. ಪವರ್ ಸೈಟಲ್ಲಿ ಆ ಮಾಡೆಲ್‌ನ ಅಂದಾಜು ಬೆಲೆ ಸಿಗತ್ತೆ, ಅದನ್ನ ಇಟ್ಕೊಂಡೇ ಮಾತಿಗೆ ಕೂತ್ಕೊಳ್ಳಿ. ಡೀಲರ್ ಹತ್ರ ಆದ್ರೆ ಕೊನೇಲಿ ಆ ಫೀಸು ಈ ಫೀಸು ಅಂತ ಸೇರಿಸ್ತಾರೆ, ಎಲ್ಲಾ ಸೇರಿ ಕೈಗೆ ಎಷ್ಟಕ್ಕೆ ಬರತ್ತೆ ಅಂತ ಮೊದಲೇ ಬರೆಸ್ಕೊಳ್ಳಿ.

ನಾಲ್ಕ್ನೇದು: ನೀರು, ನೀರು, ನೀರು

ಇದಕ್ಕೆ ಅರ್ಧ ದಿನ ಇಟ್ಕೊಳ್ಳಿ, ಹಿಂದಿನ ದಿನ ಮಳೆ ಬಂದಿದ್ರೆ ಇನ್ನೂ ಒಳ್ಳೇದು. ಬಾಗಿಲು ತೆಗೆದ ತಕ್ಷಣ ಮೂಗು ಏನು ಹೇಳತ್ತೆ ಕೇಳಿ. ಮುಗ್ಗಲು ವಾಸನೆ ಬಂತು ಅಂದ್ರೆ ಒಳಗೆಲ್ಲೋ ತೇವ ಇದೆ. ಮೂರು ಮೂಲೇಲಿ ಮೂರು ಏರ್ ಫ್ರೆಶ್ನರ್ ನೇತಾಡ್ತಿದ್ರೆ ಇನ್ನೂ ಅನುಮಾನ ಪಡ್ಬೇಕು.

ಕ್ಲಾಸ್ ಸಿ ಆದ್ರೆ ಮೊದ್ಲು ಡ್ರೈವರ್ ಮೇಲಿನ ಆ ಹಾಸಿಗೆ ಹತ್ತಿ. ಹಾಸಿಗೆ ಪೂರ್ತಿ ಎತ್ತಿ ಪಕ್ಕಕ್ಕಿಡಿ, ಕೆಳಗಿನ ಪ್ಲೈವುಡ್ಡನ್ನ ಎರಡೂ ಮೂಲೇಲಿ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ, ಗಾಳಿ ಮಳೆ ಎದುರಿಗೇ ಹೊಡೆಯೋ ಜಾಗ ಅದು, ಹೊರಗಡೆ ಅಲ್ಲಿರೋ ಸಣ್ಣ ದೀಪಗಳ ಸುತ್ತಲಿಂದ, ಕಿಟಕಿ ಅಂಚಿಂದ ನೀರು ಒಸರಿ ಇಳಿಯತ್ತೆ. ಮರ ಟಣ್ ಅಂತ ಗಟ್ಟಿ ಇರ್ಬೇಕು. ಬೆರಳು ಸ್ವಲ್ಪ ಒಳಗೆ ಹೋಯ್ತಾ, ಕಂದು ಬಣ್ಣದ ನಕ್ಷೆ ಥರ ಕಲೆ ಕಾಣ್ತಾ, ಸ್ಟೇಪಲ್ ಪಿನ್ನುಗಳು ತುಕ್ಕು ಹಿಡಿದಿದ್ಯಾ, ಇವಿಷ್ಟೂ ನೋಡಿ. ಒಂದೇ ಮೂಲೇಲಿ ಮಾತ್ರ ಹೊಸ ವಾಲ್‌ಪೇಪರ್ ಇದ್ರೆ ಯಾಕೆ ಅಂತ ಕೇಳಿ, ಉತ್ತರಕ್ಕಿಂತ ಅವ್ರ ಮುಖ ನೋಡಿ.

ಆಮೇಲೆ ಟಾಯ್ಲೆಟ್ ಸುತ್ತ, ಶವರ್ ಮುಂದೆ, ಬಾಗಿಲ ಹತ್ರ, ಹೊರಕ್ಕೆ ಚಾಚೋ ಸ್ಲೈಡ್‌ಔಟ್ ಮೂಲೇಲಿ ಹಿಮ್ಮಡಿ ಊರಿ ನಡೀರಿ, ನೆಲ ಮೆತ್ತಗೆ ಅನಿಸ್ಬಾರ್ದು. ಹೊರಗಡೆ ಬಂದು ಬಿಸಿಲಲ್ಲಿ ಗೋಡೆಗೆ ಕೆನ್ನೆ ತಾಗಿಸಿದ ಹಾಗೆ ನಿಂತು ಉದ್ದಕ್ಕೆ ನೋಡಿದ್ರೆ ಫೈಬರ್‌ಗ್ಲಾಸ್ ಉಬ್ಬಿರೋದು ಕಾಣತ್ತೆ, ಅದಕ್ಕೆ ಡೀಲ್ಯಾಮಿನೇಷನ್ ಅಂತಾರೆ, ಒಳಗಿನ ಪ್ಲೈವುಡ್ಡು ನೆನೆದು ಮೇಲಿನ ಹಾಳೆ ಬಿಟ್ಕೊಂಡಿದೆ ಅಂತ. ಅಷ್ಟು ಕಂಡ್ರೆ ಥ್ಯಾಂಕ್ಸ್ ಹೇಳಿ ಹೊರಟ್ಬಿಡಿ, ಬೆಲೆ ಅರ್ಧಕ್ಕೆ ಇಳಿಸ್ತೀನಿ ಅಂದ್ರೂ ಬೇಡ.

ಕೊನೇಗೆ ಛಾವಣಿ. ಏಣಿ ಹತ್ತಿ ಹೋಗ್ಲೇಬೇಕು, ‘ಫೋಟೋ ಕಳಿಸ್ತೀನಿ’ ಅಂದ್ರೆ ಒಪ್ಬೇಡಿ. ಎಸಿ, ಫ್ಯಾನು, ಆಂಟೆನಾ ಎಲ್ಲೆಲ್ಲಿ ಛಾವಣಿ ತೂತು ಮಾಡಿದಾರೋ ಅಲ್ಲೆಲ್ಲ ಸುತ್ತ ಸೀಲೆಂಟ್ (ನೀರು ಇಳೀದಂಗೆ ತಡೆಯೋ ಅಂಟು) ಹಾಕಿರ್ತಾರೆ, ಅದು ಬಿರುಕು ಬಿಟ್ಟಿದ್ಯಾ, ಅಂಚು ಎದ್ದಿದ್ಯಾ ನೋಡಿ. ಸೀಲೆಂಟ್ ಹಳೇದಾಗೋದು ಸಹಜ, ವರ್ಷಕ್ಕೆ ಒಂದೆರಡು ಸಲ ನೋಡಿ ತೇಪೆ ಹಾಕ್ತಿರ್ಬೇಕು, ಆ ಕೆಲ್ಸ ಮಾಡ್ತಿದ್ರಾ ಅಂತ ಕೇಳಿದಾಗ ಮಾರೋರು ಸೀಲೆಂಟ್ ಡಬ್ಬಿ ತೆಗೆದು ತೋರಿಸಿದ್ರೆ ಅವ್ರು ಗಾಡಿ ನೋಡ್ಕೊಂಡಿದಾರೆ ಅಂತ ಅರ್ಥ. ಹಾರ್ಡ್‌ವೇರ್ ಅಂಗಡೀಲಿ ತೇವ ಅಳೆಯೋ ಮೀಟರ್ ಸಿಗತ್ತೆ, ದುಬಾರಿ ಏನಲ್ಲ, ಕಿಟಕಿ ಕೆಳಗೆ, ಮೂಲೆಗಳಲ್ಲಿ ಇಟ್ಟು ನೋಡಿ, ನೂರಕ್ಕೆ 20 ದಾಟಿದ ಕಡೆ ಹುಷಾರು.

ಐದ್ನೇದು: ಎಲ್ಲಾ ಹಾಕಿ ತೋರಿಸಿ ಅನ್ನಿ

ನೋಡಕ್ಕೆ ಹೋಗೋ ಹಿಂದಿನ ರಾತ್ರಿನೇ ಫ್ರಿಜ್ ಆನ್ ಮಾಡಿಡಿ ಅಂತ ಫೋನ್‌ನಲ್ಲೇ ಹೇಳ್ಬಿಡಿ. ಹಳೇ ಆರ್‌ವಿ ಫ್ರಿಜ್ ಹೆಚ್ಚಿನವು ಗ್ಯಾಸ್ ಮತ್ತು ಕರೆಂಟ್ ಎರಡರಲ್ಲೂ ನಡೆಯೋ ಥರದ್ದು, ತಣ್ಣಗಾಗಕ್ಕೆ ಗಂಟೆಗಟ್ಲೆ ಬೇಕು, ನೀವು ಹೋದಾಗ ಆನ್ ಮಾಡಿದ್ರೆ ಏನೂ ಗೊತ್ತಾಗಲ್ಲ. ಗ್ಯಾಸ್ ಮೇಲೊಂದ್ಸಲ, ಕರೆಂಟ್ ಮೇಲೊಂದ್ಸಲ ಪರೀಕ್ಷೆ ಮಾಡ್ಬೇಕು. ಜನರೇಟರ್ ಸ್ಟಾರ್ಟ್ ಮಾಡಿಸಿ, ಅದರ ಮೇಲೆ ಎಸಿ ಓಡಿಸಿ. ತಿಂಗಳಿಗೊಮ್ಮೆ ಒಂದೆರಡು ಗಂಟೆ ಲೋಡ್ ಹಾಕಿ ಓಡಿಸಿ ಅಂತ ಜನರೇಟರ್ ಕಂಪನಿಯೋರೇ ಹೇಳ್ತಾರೆ, ಸುಮ್ನೆ ಬಿಟ್ರೆ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್ ಕಟ್ಕೊಳತ್ತೆ, ಹಾಗಾಗಿ ಜನರೇಟರ್ ಮೀಟರ್‌ನಲ್ಲಿ ಓಡಿದ ಗಂಟೆ ತೀರಾ ಕಮ್ಮಿ ಇದ್ರೆ ಖುಷಿ ಪಡ್ಬೇಡಿ.

ಟೈರಲ್ಲಿ ಗೆರೆ ಚೆನ್ನಾಗಿದೆ ಅಂತ ಸುಮ್ನಾಗ್ಬೇಡಿ, ಬದೀಲಿ DOT ಅನ್ನೋ ಅಕ್ಷರದಿಂದ ಶುರುವಾಗೋ ನಂಬರ್ ಇರತ್ತೆ, ಅದರ ಕೊನೇ ನಾಲ್ಕು ಅಂಕಿ ನೋಡಿ. 2317 ಅಂತಿದ್ರೆ 2017ರ 23ನೇ ವಾರ ತಯಾರಾಗಿದ್ದು. ಆರೇಳು ವರ್ಷ ದಾಟಿದ್ರೆ ಬದಲಾಯಿಸ್ಬೇಕು ಅಂತಲೇ ಇಟ್ಕೊಳ್ಳಿ, ಕ್ಲಾಸ್ ಸಿಗೆ ಆರು ಟೈರು, ಸಾವಿರ ಡಾಲರ್ ಮೇಲೇನೇ ಆಗತ್ತೆ, ಅಷ್ಟನ್ನ ಬೆಲೇಲಿ ಕಳೀರಿ. ಗ್ಯಾಸ್ ಲೀಕ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಮ್‌ಗಳಿಗೆ ಎಕ್ಸ್‌ಪೈರಿ ಇರತ್ತೆ, ತಾರೀಖು ಮುಗಿದಿದ್ರೆ ಮಲಗೋಕೆ ಮುಂಚೆ ಹೊಸದು ಹಾಕಿಸ್ಲೇಬೇಕು.

ಇಷ್ಟೆಲ್ಲ ನಮ್ಮ ಕೈಲಾಗಲ್ಲಪ್ಪಾ ಅನ್ನೋರಿಗೆ ಎನ್‌ಆರ್‌ವಿಐಎ ಅಂತ ಆರ್‌ವಿ ಇನ್‌ಸ್ಪೆಕ್ಟರ್‌ಗಳ ಸಂಘ ಇದೆ, ಅವರ ಸೈಟಲ್ಲಿ ನಿಮ್ಮೂರ ಹತ್ರದೋರು ಸಿಗ್ತಾರೆ, ಫೀಸು ಕೊಟ್ರೆ ಫೋಟೋ ಸಮೇತ ವರದಿ ಕೊಡ್ತಾರೆ. ಮಾರೋರು ಇನ್‌ಸ್ಪೆಕ್ಟರ್ ಬೇಡ ಅಂದ್ರೆ ನಮಗೂ ಗಾಡಿ ಬೇಡ.

ಆರ್ನೇದು: ಕಾಗದ ಪತ್ರ

ವಿಐಎನ್ ಅಂದ್ರೆ ಗಾಡಿಯ ಗುರುತಿನ ನಂಬರನ್ನ ಗಾಡಿ ಮೇಲೊಂದ್ಸಲ, ಟೈಟಲ್ (ಮಾಲೀಕತ್ವದ ಪತ್ರ) ಮೇಲೊಂದ್ಸಲ ಓದಿ, ಎರಡೂ ಒಂದೇ ಇರ್ಬೇಕು. ಅಮೆರಿಕಾದ ರಸ್ತೆ ಸುರಕ್ಷತೆ ಇಲಾಖೆ ಎನ್‌ಎಚ್‌ಟಿಎಸ್‌ಎ ಸೈಟಲ್ಲಿ ರೀಕಾಲ್ (ದೋಷ ಇದೆ ಅಂತ ರಿಪೇರಿಗೆ ವಾಪಸ್ ಕರೆಯೋದು) ಇದೆಯಾ ಅಂತ ಪುಕ್ಸಟ್ಟೆ ನೋಡ್ಬೋದು. ಪ್ರವಾಹದಲ್ಲಿ ಮುಳುಗಿ ಇನ್ಶೂರೆನ್ಸ್ ಕಂಪನಿ ಪೂರ್ತಿ ನಷ್ಟ ಅಂತ ಲೆಕ್ಕ ಹಾಕಿದ ಗಾಡಿ ಆದ್ರೆ ಸ್ಯಾಲ್ವೇಜ್ ಟೈಟಲ್ ಇರತ್ತೆ, ಮುಟ್ಬೇಡಿ. ಸಾಲ ಬಾಕಿ ಇದ್ರೆ ಬ್ಯಾಂಕಿಗೇ ನೇರವಾಗಿ ಕಟ್ಟಿ ತೀರಿಸಿ. ಸಾಮಾನ್ಯ ಕ್ಲಾಸ್ ಸಿ ಓಡಿಸಕ್ಕೆ ಕಾರ್ ಲೈಸೆನ್ಸೇ ಸಾಕು.

ಏಳ್ನೇದು: ಎತ್ತರ ಬರೆದು ಅಂಟಿಸಿ, ಆಮೇಲೆ ಸ್ಟಾರ್ಟ್ ಮಾಡಿ

ಟೇಪ್ ಹಿಡ್ಕೊಂಡು ಎಸಿ ತುದಿವರೆಗೂ ಅಳೆದು, ಅಡಿ ಇಂಚು ಲೆಕ್ಕದಲ್ಲಿ ಸ್ಟೀರಿಂಗ್ ಎದುರಿಗೆ ದಪ್ಪಕ್ಷರದಲ್ಲಿ ಅಂಟಿಸಿ. ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ ಒಂದು ರೈಲ್ವೆ ಸೇತುವೆ ಇದೆ, ಅದರಡಿ ಎತ್ತರ 11 ಅಡಿ 8 ಇಂಚು ಇತ್ತು, ಅದಕ್ಕೆ ಬಡಿದು ಮೇಲ್ಭಾಗ ಸುಲಿಸ್ಕೊಂಡ ಲಾರಿ, ಆರ್‌ವಿಗಳ ವಿಡಿಯೋ ಜಗತ್ತೆಲ್ಲ ನೋಡಿದೆ. 2019ರಲ್ಲಿ 8 ಇಂಚು ಎತ್ತರಿಸಿದ್ರು, ಆಮೇಲೂ ಬಡೀತಾನೇ ಇದಾರೆ. ಕ್ಲಾಸ್ ಸಿ ಹೆಚ್ಚಾಗಿ 11 ಅಡಿ ಆಸುಪಾಸು, ಅದರ ಮೇಲೇ ಹೋಗ್ಬೋದು. ಕಾರಿನ ಜಿಪಿಎಸ್‌ಗೆ ಇದ್ಯಾವ್ದೂ ಗೊತ್ತಿಲ್ಲ, ಎತ್ತರ ಹಾಕಿ ದಾರಿ ಕೇಳೋ ಆರ್‌ವಿ ಜಿಪಿಎಸ್ ಇಟ್ಕೊಳ್ಳಿ. ತಿರುಗಿಸುವಾಗ ಹಿಂಭಾಗ ಆಚೆ ಕಡೆಗೆ ಬೀಸತ್ತೆ, ಖಾಲಿ ಪಾರ್ಕಿಂಗ್ ಲಾಟಲ್ಲಿ ಒಂದು ಭಾನುವಾರ ಪ್ರಾಕ್ಟೀಸ್ ಮಾಡಿ.

ಉದ್ದನೂ ಗೊತ್ತಿರ್ಲಿ. ಗ್ಲೇಷಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್ ಟು ದ ಸನ್ ರಸ್ತೇಲಿ ಬೆಟ್ಟ ಹತ್ತೋ ಭಾಗಕ್ಕೆ 21 ಅಡಿಗಿಂತ ಉದ್ದ ಇರೋದನ್ನ ಬಿಡಲ್ಲ, ಆರ್‌ವಿ ಕೆಳಗೆ ನಿಲ್ಸಿ ಶಟಲ್ ಹಿಡೀಬೇಕು. ಯೆಲ್ಲೋಸ್ಟೋನ್ ಪಾರ್ಕ್ ಒಳಗೆ ಕರೆಂಟು, ನೀರು, ಡ್ರೈನೇಜು ಮೂರೂ ಸಿಗೋದು ಫಿಶಿಂಗ್ ಬ್ರಿಜ್ ಒಂದೇ ಕಡೆ, ಅದೂ ಕರಡಿ ಕಾಟಕ್ಕೆ ಬಟ್ಟೆ ಗೋಡೆಯ ಗಾಡಿ ಆಗಲ್ಲ. ಬೇಸಿಗೆ ಬುಕಿಂಗ್ ತಿಂಗಳುಗಟ್ಲೆ ಮುಂಚೆನೇ ಮುಗಿದೋಗತ್ತೆ. ಜಾಗ ಸಿಗ್ಲಿಲ್ಲ ಅಂದ್ರೆ ಪಶ್ಚಿಮದ ರಾಜ್ಯಗಳಲ್ಲಿ ಬಿಎಲ್‌ಎಂ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ನೋಡ್ಕೊಳ್ಳೋ ಸರ್ಕಾರಿ ಜಮೀನಿದೆ, ಬಹಳ ಕಡೆ 14 ದಿನ ಕಾಸಿಲ್ದೆ ನಿಲ್ಬೋದು, ನೀರು ಕರೆಂಟು ಏನೂ ಇರಲ್ಲ, ಆಕಾಶ ಮಾತ್ರ ಕಣ್ತುಂಬ ಇರತ್ತೆ.

ಎಂಟ್ನೇದು: ಒಳಗಿನ ಸಂಸಾರ

30 ಆಂಪ್ ಕರೆಂಟ್ ಕನೆಕ್ಷನ್ ಇರೋ ಗಾಡಿಗೆ ಒಟ್ಟು 3,600 ವ್ಯಾಟ್. ಎಸಿ ಓಡ್ತಿದೆ, ಅಮ್ಮ ಸಾರಿಗೆ ಇನ್‌ಸ್ಟಂಟ್ ಪಾಟ್ ಇಟ್ರು, ಅಷ್ಟರಲ್ಲಿ ಯಾರೋ ಕಾಫಿಗೆ ಕೆಟಲ್ ಹಾಕಿದ್ರು ಅಂದ್ರೆ ಬ್ರೇಕರ್ ಢಮಾರ್. ಒಂದಾದ್ಮೇಲೊಂದು ಹಾಕ್ಬೇಕು, ಇಲ್ಲಾ ಗ್ಯಾಸ್ ಮೇಲೆ ಕುಕ್ಕರ್ ಇಡ್ಬೇಕು. ಒಣಮೆಣಸಿನಕಾಯಿ ಒಗ್ಗರಣೆ ಮಾತ್ರ ಹೊರಗಡೆ ಟೇಬಲ್ ಮೇಲೆ ಕ್ಯಾಂಪ್ ಸ್ಟೌನಲ್ಲಿ, ಒಳಗೆ ಹಾಕಿದ್ರೆ ಸ್ಮೋಕ್ ಅಲಾರಮ್ ಕೂಗಿ ಪಕ್ಕದ ಸೈಟಿನೋರೂ ಎದ್ದು ಬರ್ತಾರೆ, ಘಾಟು ಪರದೇಲಿ ವಾರಗಟ್ಲೆ ಉಳೀತದೆ.

ಸ್ನಾನ ಅಂದ್ರೆ ಬಿಸಿನೀರಿನ ಟ್ಯಾಂಕು ಬಹಳ ಗಾಡೀಲಿ 6 ಗ್ಯಾಲನ್, ಅಂದ್ರೆ 23 ಲೀಟರು. ಮೈ ನೆನೆಸಿ, ನಲ್ಲಿ ಬಂದ್ ಮಾಡಿ, ಸೋಪು ಹಚ್ಚಿ, ಮತ್ತೆ ಬಿಡೋದು. ಬಕೆಟ್ ಚೊಂಬಲ್ಲಿ ಬೆಳೆದೋರಿಗೆ ಇದನ್ನ ಹೇಳಿಕೊಡ್ಬೇಕಾಗಿಲ್ಲ, ಕಷ್ಟ ಆಗೋದು ಇಲ್ಲಿ ಹುಟ್ಟಿದ ಮಕ್ಕಳಿಗೆ.

ಕೊಳಚೆ ಖಾಲಿ ಮಾಡೋ ಕೆಲ್ಸಕ್ಕೆ ಎಲ್ರೂ ಹೆದರ್ತಾರೆ, ಹತ್ತು ನಿಮಿಷದ ಕೆಲ್ಸ. ಕೈಗವಸು ಹಾಕಿ, ಪೈಪ್ ಭದ್ರ ಸಿಕ್ಸಿ, ಮೊದ್ಲು ಟಾಯ್ಲೆಟ್‌ನ ಬ್ಲ್ಯಾಕ್ ಟ್ಯಾಂಕು, ಆಮೇಲೆ ಸ್ನಾನದ ಗ್ರೇ ಟ್ಯಾಂಕು, ಆ ಸೋಪು ನೀರೇ ಪೈಪು ತೊಳ್ಕೊಂಡು ಹೋಗತ್ತೆ. ಕ್ಯಾಂಪಲ್ಲಿ ಡ್ರೈನೇಜ್ ಸಿಕ್ಸಿದೀವಿ ಅಂತ ಬ್ಲ್ಯಾಕ್ ವಾಲ್ವ್ ತೆರೆದೇ ಇಡ್ಬೇಡಿ, ನೀರೆಲ್ಲ ಹರಿದು ಗಟ್ಟಿ ಮಾತ್ರ ಕೆಳಗೆ ಗುಡ್ಡೆ ಕಟ್ಕೊಳತ್ತೆ. ಕುಡಿಯೋ ನೀರಿನ ಪೈಪನ್ನ ಇದ್ರ ಹತ್ರನೂ ಇಡ್ಬೇಡಿ.

ಮೊದ್ಲ ಹಿಮ ಬೀಳೋ ಮುಂಚೆ ಎಲ್ಲಾ ಟ್ಯಾಂಕು, ವಾಟರ್ ಹೀಟರ್ ಖಾಲಿ ಮಾಡಿ, ಆರ್‌ವಿಗೇ ಅಂತ ಬರೋ ಗುಲಾಬಿ ಬಣ್ಣದ ಆಂಟಿಫ್ರೀಜ್‌ನ ಪಂಪಿಂದ ಎಳೆಸಿ, ಒಂದೊಂದೇ ನಲ್ಲಿ ತೆಗೆದು ಗುಲಾಬಿ ನೀರು ಬರೋವರೆಗೂ ಬಿಡಿ. ಕಾರಿಗೆ ಹಾಕೋ ಹಸಿರು ಆಂಟಿಫ್ರೀಜ್ ವಿಷ, ಅದನ್ನ ಯಾವ ಕಾರಣಕ್ಕೂ ಹಾಕ್ಬೇಡಿ. ಶವರ್ ಮತ್ತು ಟಾಯ್ಲೆಟ್ ಫ್ಲಶ್ ಮರೀಬೇಡಿ, ಏಪ್ರಿಲ್‌ನಲ್ಲಿ ಒಡೆದು ಸೋರೋದು ಅವೇ.